ದೀಪ ಹಾಕಿದರೆ ಏರುವ ಪೆಟ್ರೋಲ್ ಮುಳ್ಳು: ಹೊನ್ನಾವರದ ಒಂದು ಔಟ್‌ಬೋರ್ಡ್ ಬೋಟಿನ ಪ್ರಕರಣ ಅಧ್ಯಯನ

ದೂರು

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಅಳಿವೆಯ ಒಳಗಡೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸುತ್ತ ಪ್ರವಾಸಿಗರನ್ನು ಕರೆದೊಯ್ಯುವ ಫೈಬರ್ ಬೋಟೊಂದು ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನ ಒಂದು ಸಂಜೆ, ಪೆಟ್ರೋಲ್ ಮುಗಿದು ನಡುಹೊಳೆಯಲ್ಲಿ ನಿಂತಿತು. ಇಳಿತದ ಹೊತ್ತಾದ್ದರಿಂದ ನೀರು ಅಳಿವೆಯ ಬಾಯಿಯ ಕಡೆಗೇ ಎಳೆಯುತ್ತಿತ್ತು, ಬೋಟಿನಲ್ಲಿ ಒಂಬತ್ತು ಜನರಿದ್ದರು. ಬೋಟು ನಡೆಸುವ ತಾಂಡೇಲರು ಗಾಬರಿಯಾಗದೆ ಮೊದಲು ಲಂಗರು ಇಳಿಸಿ ಆಮೇಲೆ ಫೋನ್ ಮಾಡಿದರು. ಅರ್ಧ ಗಂಟೆಯೊಳಗೆ ಇನ್ನೊಂದು ಬೋಟು ಬಂದು ಹಗ್ಗ ಕಟ್ಟಿ ಎಳೆದೊಯ್ದಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಎಂಜಿನ್ ನಿಂತ ಗಳಿಗೆಯಲ್ಲಿ ಡ್ಯಾಶ್‌ಬೋರ್ಡಿನ ಪೆಟ್ರೋಲ್ ಮೀಟರಿನ ಮುಳ್ಳು ಕಾಲು ಟ್ಯಾಂಕಿನ ಗೆರೆಯ ಮೇಲಿತ್ತು. ಆ ಬೋಟಿನ ಟ್ಯಾಂಕು 60 ಲೀಟರಿನದು; ಮೀಟರ್ ನಿಜ ಹೇಳಿದ್ದಿದ್ದರೆ ಜೆಟ್ಟಿಗೆ ಹೋಗಿ ಮತ್ತೊಂದು ಸುತ್ತು ಬರುವಷ್ಟು ಪೆಟ್ರೋಲ್ ಅದರಲ್ಲಿ ಇರಬೇಕಿತ್ತು.

ಮಾಲೀಕರು ನನ್ನನ್ನು ಕರೆದದ್ದು ಮರುದಿನ. ಔಟ್‌ಬೋರ್ಡ್ ಎಂಜಿನ್ನುಗಳ, ಅಂದರೆ ಬೋಟಿನ ಹಿಂಬದಿಗೆ ಹೊರಗಡೆ ಕಟ್ಟುವ ಎಂಜಿನ್ನುಗಳ, ವಿದ್ಯುತ್ ಕೆಲಸವೇ ನನ್ನ ದಿನನಿತ್ಯದ ಕೆಲಸ. ಆದರೂ ಈ ಬೋಟಿನ ಹಿನ್ನೆಲೆ ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬೋಟನ್ನು ದಡಕ್ಕೆಳೆದು ಟಾರ್ಪಾಲು ಹೊದಿಸಿ ಇಟ್ಟಿದ್ದರು. ಅದಕ್ಕೂ ಮೊದಲಿನ ಬೇಸಿಗೆಯಲ್ಲೇ ಮೀಟರುಗಳ ತಕರಾರು ಶುರುವಾಗಿತ್ತು. ಪೆಟ್ರೋಲ್ ಮೀಟರ್ ಒಂದೊಂದು ಸಲ ಒಂದೊಂದು ಲೆಕ್ಕ ತೋರಿಸುತ್ತಿದ್ದುದರಿಂದ ಮೊದಲು ಟ್ಯಾಂಕಿನೊಳಗಿದ್ದು ಪೆಟ್ರೋಲಿನ ಮಟ್ಟವನ್ನು ಮೀಟರಿಗೆ ತಿಳಿಸುವ ಸೆಂಡರ್ ಬದಲಾಯಿಸಿದರು, ಅದು ಸರಿಹೋಗದೆ ಮೀಟರನ್ನೇ ಹೊಸದು ಹಾಕಿಸಿದರು. ವೋಲ್ಟ್‌ಮೀಟರ್ ಎಂಜಿನ್ ಓಡುವಾಗಲೂ 12ಕ್ಕಿಂತ ಕೆಳಗೆ ಇಳಿಯುತ್ತಿದ್ದುದನ್ನು ನೋಡಿ ಚಾರ್ಜಿಂಗ್ ಆಗುತ್ತಿಲ್ಲವೆಂದು ಭಾವಿಸಿ ಬ್ಯಾಟರಿ ಬದಲಾಯಿಸಿದರು. ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ಒಮ್ಮೆ ಪೂರ್ತಿ ಸತ್ತುಹೋಗಿ ಅದೂ ಹೊಸದಾಗಿತ್ತು. ನಾಲ್ಕು ಹೊಸ ಸಾಮಾನು, ಮೂವರು ಬೇರೆ ಬೇರೆ ಮೆಕ್ಯಾನಿಕರು. ತಕರಾರು ಮಾತ್ರ ಮೊದಲಿನದೇ. ಜೊತೆಗೆ ಒಂದು ಹೊಸ ದೂರೂ ಸೇರಿಕೊಂಡಿತ್ತು: ಎಂಜಿನ್ನಿಗೆ ಮೊದಲಿನ ದಮ್ಮು ಇಲ್ಲ, ನಿಮಿಷಕ್ಕೆ 5500 ಸುತ್ತಿಗೆ ತಂದರೂ ಬೋಟು ನೀರಿನ ಮೇಲೆದ್ದು ಓಡುವುದಿಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ನಾನು ತಾಂಡೇಲರ ಕಡೆ ತಿರುಗಿ, ಮುಳ್ಳು ಯಾವಾಗ ಹೆಚ್ಚುಕಡಿಮೆ ಮಾಡುತ್ತದೆ ಎಂದು ಕೇಳಿದೆ. ಅವರು ಸ್ವಲ್ಪ ಹಿಂಜರಿದರು. ಆಮೇಲೆ, "ಹೇಳಿದ್ರೆ ಎಲ್ರೂ ನಗ್ತಾರೆ ಮಾರಾಯ್ರೆ. ಕತ್ಲೆಯಾಗಿ ಲೈಟ್ ಹಾಕಿದ್ರೆ ಪೆಟ್ರೋಲ್ ಜಾಸ್ತಿಯಾಗ್ತದೆ. ಪಂಪ್ ಹಾಕಿದ್ರೆ ಇನ್ನೂ ಜಾಸ್ತಿ" ಎಂದರು.

ಈ ಇಡೀ ಪ್ರಕರಣದಲ್ಲಿ ಅದಕ್ಕಿಂತ ಬೆಲೆಬಾಳುವ ಮಾತನ್ನು ಬೇರೆ ಯಾರೂ ಆಡಿರಲಿಲ್ಲ. ಮೂವರು ಮೆಕ್ಯಾನಿಕರಲ್ಲಿ ಒಬ್ಬರಿಗೂ ಈ ಮಾತು ತಲುಪಿರಲಿಲ್ಲ, ಏಕೆಂದರೆ ಯಾರೂ ಬೋಟು ನಡೆಸುವವರನ್ನು ಕೇಳಿರಲಿಲ್ಲ. ದೀಪದ ಸ್ವಿಚ್ಚಿಗೂ ಪೆಟ್ರೋಲ್ ಮೀಟರಿಗೂ ವೈರಿಂಗಿನಲ್ಲಿ ನೇರ ಸಂಬಂಧವಿಲ್ಲ. ಆದರೂ ಒಂದು ಇನ್ನೊಂದನ್ನು ಅಲುಗಾಡಿಸುತ್ತದೆಯೆಂದರೆ ಎರಡರ ಕರೆಂಟೂ ಎಲ್ಲೋ ಒಂದೇ ದಾರಿಯಲ್ಲಿ ಹೋಗುತ್ತಿದೆ, ಮತ್ತು ಆ ದಾರಿ ಇಕ್ಕಟ್ಟಾಗಿದೆ ಎಂದೇ ಅರ್ಥ. ಬೋಟಿನಲ್ಲಿ ಅಂಥ ಸಾಮಾನ್ಯ ದಾರಿ ಹೆಚ್ಚಾಗಿ ಬ್ಯಾಟರಿಯ ಮೈನಸ್ಸಿಗೆ ಹಿಂದಿರುಗುವ ಗ್ರೌಂಡ್ ವೈರು.

ಮೊದಲ ಅಳತೆಗಳು

ಪೆಟ್ರೋಲ್ ಬೋಟಿನಲ್ಲಿ ವಿದ್ಯುತ್ ಪರೀಕ್ಷೆ ಮಾಡುವ ಮೊದಲು ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಬೋಟಿನ ತಳದಲ್ಲಿ ನೀರಿನಂತೆ ನಿಲ್ಲುತ್ತದೆ, ಒಂದು ಸಣ್ಣ ಕಿಡಿ ಸಾಕು. ಹಾಗಾಗಿ ಯಾವುದೇ ವೈರನ್ನು ಬಿಚ್ಚುವ ಅಥವಾ ಜೋಡಿಸುವ ಮುನ್ನ ಬ್ಯಾಟರಿ ಸ್ವಿಚ್ಚನ್ನು ಆರಿಸಿಯೇ ಮುಂದುವರಿದೆವು.

ಮೊದಲು ಟ್ಯಾಂಕಿಗೆ ಕ್ಯಾನಿನಿಂದ ಅಳೆದು 15 ಲೀಟರ್ ಪೆಟ್ರೋಲ್ ಹಾಕಿಸಿದೆ. ನಿಜವಾಗಿ ಎಷ್ಟಿದೆ ಎಂದು ಗೊತ್ತಿಲ್ಲದೆ ಮೀಟರ್ ಸುಳ್ಳು ಹೇಳುತ್ತಿದೆಯೇ ಎಂದು ತೀರ್ಮಾನಿಸಲು ಆಗುವುದಿಲ್ಲ. ಈ ಬೋಟಿನಲ್ಲಿದ್ದುದು ಅಮೆರಿಕನ್ ಪದ್ಧತಿಯ ಸೆಂಡರ್. ತೇಲುಬೆಂಡು ತಳದಲ್ಲಿದ್ದಾಗ ಅದರ ರೋಧ (ಕರೆಂಟಿಗೆ ಒಡ್ಡುವ ತಡೆ) ಸುಮಾರು 240 ಓಮ್, ಟ್ಯಾಂಕು ತುಂಬಿದಾಗ ಸುಮಾರು 33 ಓಮ್. ಯುರೋಪಿನ ಪದ್ಧತಿಯಲ್ಲಿ ಇದು ತಿರುವುಮುರುವು: ಖಾಲಿಗೆ 10, ತುಂಬಿದ್ದಕ್ಕೆ 180. ಒಂದು ಪದ್ಧತಿಯ ಸೆಂಡರಿಗೆ ಇನ್ನೊಂದರ ಮೀಟರ್ ಹಾಕಿದರೆ ಮುಳ್ಳು ಉಲ್ಟಾ ನಡೆಯುತ್ತದೆ, ಅಂಥದನ್ನೂ ನಾನು ಕಂಡಿದ್ದೇನೆ, ಇಲ್ಲಿ ಹಾಗಾಗಿರಲಿಲ್ಲ. ಸೆಂಡರಿನ ವೈರನ್ನು ಮೀಟರಿನಿಂದ ಬಿಚ್ಚಿ ಅಳೆದಾಗ 150 ಓಮಿನ ಆಸುಪಾಸು ಬಂತು, ಅಂದರೆ ಕಾಲು ಟ್ಯಾಂಕು. ಕ್ಯಾನಿನ ಲೆಕ್ಕಕ್ಕೆ ಅದು ಸರಿಹೊಂದಿತು. ಸೆಂಡರ್ ನಿರಪರಾಧಿ.

ಮೀಟರಿನ ಹಿಂಭಾಗದಲ್ಲಿ ಮೂರು ಕಡ್ಡಿಗಳಿರುತ್ತವೆ: ಐ ಎಂದರೆ ಕೀ ತಿರುಗಿಸಿದಾಗ ಬರುವ 12 ವೋಲ್ಟು, ಜಿ ಎಂದರೆ ಗ್ರೌಂಡ್, ಎಸ್ ಎಂದರೆ ಸೆಂಡರ್. ಸೆಂಡರಿನ ವೈರನ್ನು ಬಿಚ್ಚಿಟ್ಟು ಕೀ ತಿರುಗಿಸಿದರೆ ಈ ಜಾತಿಯ ಮೀಟರಿನ ಮುಳ್ಳು ಖಾಲಿಯ ಕಡೆಗೆ ಬೀಳಬೇಕು. ಎಸ್ ಮತ್ತು ಜಿಯನ್ನು ತುಂಡು ವೈರಿನಿಂದ ಕೂಡಿಸಿದರೆ ತುಂಬಿದ ಕಡೆಗೆ ಏರಬೇಕು. ಎರಡೂ ಹಾಗೆಯೇ ಆಯಿತು. ಮೀಟರೂ ನಿರಪರಾಧಿ. ಎರಡು ನಿಮಿಷದ ಈ ಪರೀಕ್ಷೆಯನ್ನು ಬೇಸಿಗೆಯಲ್ಲೇ ಯಾರಾದರೂ ಮಾಡಿದ್ದರೆ ಎರಡು ಹೊಸ ಸಾಮಾನಿನ ಖರ್ಚು ಉಳಿಯುತ್ತಿತ್ತು ಎಂಬುದು ಆಗ ನನ್ನ ಮನಸ್ಸಿಗೆ ಬಂದು ನಿಜವಾಗಿಯೂ ಬೇಸರವಾಯಿತು, ಏಕೆಂದರೆ ಪ್ರವಾಸಿ ಬೋಟಿನವರ ಸಂಪಾದನೆ ವರ್ಷಕ್ಕೆ ಎಂಟು ತಿಂಗಳಿನದು ಮಾತ್ರ.

ಈಗ ಮಲ್ಟಿಮೀಟರನ್ನು ವೋಲ್ಟಿಗೆ ಇಟ್ಟು, ಕಪ್ಪು ಪ್ರೋಬಿಗೆ ಉದ್ದನೆಯ ವೈರು ಜೋಡಿಸಿ ಬ್ಯಾಟರಿಯ ಮೈನಸ್ ಕಂಬಕ್ಕೇ ಕಚ್ಚಿಸಿದೆ. ಕೆಂಪು ಪ್ರೋಬನ್ನು ಮೀಟರಿನ ಜಿ ಕಡ್ಡಿಗೆ ಹಿಡಿದೆ. ಈ ಎರಡು ಜಾಗಗಳೂ ಹೆಸರಿಗೆ ಒಂದೇ ಗ್ರೌಂಡ್ ಆದ್ದರಿಂದ ನಡುವೆ ಏನೂ ವೋಲ್ಟೇಜ್ ಇರಬಾರದು. ಕೀ ಮಾತ್ರ ತಿರುಗಿಸಿದಾಗ 0.14 ವೋಲ್ಟ್ ಬಂತು. ಅಷ್ಟನ್ನು ಯಾರಾದರೂ ಬಿಟ್ಟುಬಿಡುತ್ತಾರೆ. ತಾಂಡೇಲರಿಗೆ ದೀಪ ಹಾಕಿ ಎಂದೆ, 1.1ಕ್ಕೆ ಏರಿತು, ಜೊತೆಯಲ್ಲೇ ಪೆಟ್ರೋಲ್ ಮುಳ್ಳು ಕಾಲಿನಿಂದ ಅರ್ಧದ ಹತ್ತಿರಕ್ಕೆ ಸರಿಯಿತು. ಬೋಟಿನ ತಳದ ನೀರು ಹೊರಹಾಕುವ ಪಂಪನ್ನೂ ಹಾಕಿದಾಗ 2.3 ವೋಲ್ಟ್ ಆಗಿ ಮುಳ್ಳು ಅರ್ಧವನ್ನು ದಾಟಿತು. ತಾಂಡೇಲರು ಒಂದು ಮಾತನ್ನೂ ಆಡದೆ ಮಾಲೀಕರ ಮುಖ ನೋಡಿದರು.

ಗ್ರೌಂಡ್ ಕೆಟ್ಟರೆ ಪೆಟ್ರೋಲ್ ಏಕೆ ಹೆಚ್ಚಾಗಿಯೇ ಕಾಣಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ಅಪಾಯ ಇರುವುದೇ ಆ ದಿಕ್ಕಿನಲ್ಲಿ. ಇಂಥ ಮೀಟರಿನೊಳಗೆ ಮುಳ್ಳನ್ನು ಎರಡು ಕಡೆಗೆ ಎಳೆಯುವ ಎರಡು ತಂತಿ ಸುರುಳಿಗಳಿರುತ್ತವೆ. ಒಂದು ಐಯಿಂದ ಎಸ್‌ಗೆ, ಇನ್ನೊಂದು ಎಸ್‌ನಿಂದ ಜಿಗೆ. ಟ್ಯಾಂಕು ತುಂಬಿ ಸೆಂಡರಿನ ರೋಧ ಕಡಿಮೆಯಾದಾಗ ಮೊದಲ ಸುರುಳಿಯಿಂದ ಬಂದ ಕರೆಂಟಿನ ಹೆಚ್ಚಿನ ಪಾಲು ಸೆಂಡರಿನ ಮೂಲಕವೇ ಇಳಿದುಹೋಗುತ್ತದೆ. ಎರಡನೆಯ ಸುರುಳಿಗೆ ಸಿಗುವುದು ಸ್ವಲ್ಪ, ಆದ್ದರಿಂದ ಮುಳ್ಳು ತುಂಬಿದ ಕಡೆಗೆ ವಾಲುತ್ತದೆ. ಈ ಬೋಟಿನಲ್ಲಿ ಸೆಂಡರಿನ ಗ್ರೌಂಡ್ ಟ್ಯಾಂಕಿನಿಂದ ನೇರವಾಗಿ ಬ್ಯಾಟರಿಗೆ ಹೋಗಿತ್ತು, ಅದು ಚೆನ್ನಾಗಿತ್ತು. ಡ್ಯಾಶ್‌ಬೋರ್ಡಿನ ಜಿ ಮಾತ್ರ 2.3 ವೋಲ್ಟಿನಷ್ಟು ಮೇಲೆ ತೇಲುತ್ತಿತ್ತು. ಜಿ ಮೇಲೇರಿದಾಗ ಎಸ್‌ಗೂ ಜಿಗೂ ನಡುವಿನ ಅಂತರ ಕಡಿಮೆಯಾಗಿ ಎರಡನೆಯ ಸುರುಳಿ ಬಡವಾಗುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಹೆಚ್ಚಿದ್ದಾಗ ಆಗುವುದೂ ಅದೇ. ಮೀಟರಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಇದಕ್ಕೆ ವಿರುದ್ಧವಾಗಿ ಸೆಂಡರಿನ ಗ್ರೌಂಡ್ ಕೆಟ್ಟಿದ್ದರೆ ರೋಧ ಹೆಚ್ಚಾದಂತಾಗಿ ಮುಳ್ಳು ಖಾಲಿಯ ಕಡೆಗೆ ಹೋಗುತ್ತಿತ್ತು; ಆಗ ಬೋಟಿನವರು ಬೇಗ ಪೆಟ್ರೋಲ್ ತುಂಬಿಸುತ್ತಿದ್ದರು ಅಷ್ಟೇ, ಒಂಬತ್ತು ಜನ ಇಳಿತದ ನೀರಿನಲ್ಲಿ ನಿಲ್ಲುತ್ತಿರಲಿಲ್ಲ.

ಬ್ಯಾಟರಿ ಬದಲಾಯಿಸಿದ ಕಥೆಗೂ ಇದೇ ಉತ್ತರ. ಎಂಜಿನ್ ಚಾಲೂ ಮಾಡಿ ಬ್ಯಾಟರಿಯ ಕಂಬಗಳ ಮೇಲೆಯೇ ಅಳೆದಾಗ 14.1 ವೋಲ್ಟ್ ಇತ್ತು. ಚಾರ್ಜಿಂಗ್ ಏನೂ ಕೆಟ್ಟಿರಲಿಲ್ಲ. ಡ್ಯಾಶ್‌ಬೋರ್ಡಿನ ವೋಲ್ಟ್‌ಮೀಟರ್ ಅಳೆಯುವುದು ತನ್ನ ಐ ಮತ್ತು ತನ್ನ ಜಿ ನಡುವಿನ ವೋಲ್ಟೇಜನ್ನು, ಬ್ಯಾಟರಿಯದನ್ನಲ್ಲ. 14.1ರಲ್ಲಿ 2.3 ಕಳೆದರೆ 11.8. ಅದು ತೋರಿಸುತ್ತಿದ್ದುದೂ ಅಷ್ಟನ್ನೇ. ಹಳೆಯ ಬ್ಯಾಟರಿ ಬಹುಶಃ ಇನ್ನೂ ಒಂದೆರಡು ವರ್ಷ ಬಾಳುತ್ತಿತ್ತು.

ಟೇಪಿನೊಳಗೆ

ಎರಡು ವೋಲ್ಟಿಗಿಂತ ಹೆಚ್ಚು ಎಲ್ಲೋ ದಾರಿಯಲ್ಲಿ ಕಳೆದುಹೋಗುತ್ತಿದೆ ಎಂದು ತಿಳಿದ ಮೇಲೆ ಎಲ್ಲಿ ಎಂದು ಹುಡುಕುವುದು ತಾಳ್ಮೆಯ ಕೆಲಸವೇ ಹೊರತು ಕಷ್ಟದ್ದಲ್ಲ. ದೀಪ, ಪಂಪು ಎರಡನ್ನೂ ಹಾಕಿಟ್ಟು, ಕಪ್ಪು ಪ್ರೋಬನ್ನು ಬ್ಯಾಟರಿಯಲ್ಲೇ ಬಿಟ್ಟು, ಕೆಂಪು ಪ್ರೋಬನ್ನು ಗ್ರೌಂಡ್ ವೈರಿನ ಉದ್ದಕ್ಕೂ ಸಿಕ್ಕ ಸಿಕ್ಕ ಜಾಗದಲ್ಲಿ ಮುಟ್ಟಿಸುತ್ತ ಹೋದರೆ ಯಾವ ಎರಡು ಜಾಗಗಳ ನಡುವೆ ಅಂಕಿ ಒಮ್ಮೆಲೇ ಜಿಗಿಯುತ್ತದೆಯೋ ಅಲ್ಲಿ ದೋಷವಿರುತ್ತದೆ. ಓಮ್‌ಮೀಟರಿನಿಂದ ಇದನ್ನು ಹುಡುಕಲು ಹೋಗಬಾರದು ಎಂಬುದು ನನ್ನ ಅನುಭವದ ಮಾತು. ಓಮ್ ಅಳೆಯುವಾಗ ಮಲ್ಟಿಮೀಟರ್ ಹರಿಸುವ ಕರೆಂಟು ಅತ್ಯಲ್ಪ. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ಕೊಳೆತು ಒಂದೇ ಎಳೆ ಉಳಿದಿದ್ದರೂ ಅಷ್ಟು ಕರೆಂಟು ಸರಾಗವಾಗಿ ದಾಟಿಹೋಗುತ್ತದೆ. ಈ ಬೋಟಿನಲ್ಲಿಯೂ ಡ್ಯಾಶ್‌ಬೋರ್ಡಿನಿಂದ ಬ್ಯಾಟರಿಯವರೆಗೆ ಓಮ್‌ನಲ್ಲಿ ಅಳೆದಾಗ 0.6 ಬಂತು. ಅದರಲ್ಲಿ ಪ್ರೋಬುಗಳ ವೈರಿನದೇ 0.2. ಉಳಿದ 0.4 ಓಮನ್ನು ನೋಡಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಸುಮಾರು 6 ಆಂಪಿಯರ್ ಅದರ ಮೂಲಕ ಹರಿದಾಗ ಅದೇ 0.4 ಓಮು 2.3 ವೋಲ್ಟನ್ನು ನುಂಗುತ್ತದೆ.

ದೀಪಗಳು, ಹಾರ್ನು, ಪಂಪು, ಮೂರು ಮೀಟರುಗಳು, ಎಲ್ಲದರ ಕಪ್ಪು ವೈರುಗಳನ್ನೂ ಡ್ಯಾಶ್‌ಬೋರ್ಡಿನ ಹಿಂದೆ ಒಂದೇ ಸ್ಕ್ರೂಗೆ ಒಂದರ ಮೇಲೊಂದು ಪೇರಿಸಿದ್ದರು. ಅಲ್ಲಿಂದ ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ಒಂದೇ ವೈರು ನಾಲ್ಕು ಮೀಟರ್ ದೂರದ ಬ್ಯಾಟರಿಗೆ ಹೋಗಿತ್ತು. ಸ್ಕ್ರೂನಲ್ಲಿ 0.3 ವೋಲ್ಟ್ ಹೋಗುತ್ತಿತ್ತು. ವೈರಿನ ಉದ್ದಕ್ಕೇ ಇನ್ನೊಂದು 0.3, ಅಷ್ಟು ಸಪೂರ ವೈರಿಗೆ ಅದು ಸಹಜವೇ. ಉಳಿದ 1.7 ವೋಲ್ಟ್ ಒಂದೇ ಕಡೆ, ಹಿಂಬದಿಯ ಸೀಟಿನ ಕೆಳಗೆ, ತಳದ ನೀರು ಆಗಾಗ ಚಿಮ್ಮುವ ಜಾಗದಲ್ಲಿ ಕಪ್ಪು ಟೇಪು ಸುತ್ತಿದ ಒಂದು ಗಂಟಿನಲ್ಲಿತ್ತು. ವೈರಿನ ಉದ್ದ ಸಾಲದೆ ಇನ್ನೊಂದು ತುಂಡನ್ನು ತಿರುಚಿ ಜೋಡಿಸಿದ್ದರು.

ಬೆರಳಿನಿಂದ ಮುಟ್ಟಿದರೆ ಗಂಟು ಬಿಸಿಯಾಗಿತ್ತು. 1.7 ವೋಲ್ಟನ್ನು 6 ಆಂಪಿಯರಿನಿಂದ ಗುಣಿಸಿದರೆ ಹತ್ತು ವ್ಯಾಟಿನಷ್ಟು ಶಾಖ ಆ ಹೆಬ್ಬೆರಳು ಗಾತ್ರದ ಗಂಟಿನಲ್ಲಿ, ಪೆಟ್ರೋಲ್ ಟ್ಯಾಂಕಿನಿಂದ ಎರಡು ಮೊಳ ದೂರದಲ್ಲಿ ಹುಟ್ಟುತ್ತಿತ್ತು. ಇದನ್ನು ಕಂಡಾಗ ಮೀಟರಿನ ವಿಷಯ ನನಗೆ ಎರಡನೆಯದಾಗಿಬಿಟ್ಟಿತು. ಬ್ಯಾಟರಿ ಸ್ವಿಚ್ಚನ್ನು ಆರಿಸಿ, ಟೇಪನ್ನು ಬ್ಲೇಡಿನಿಂದ ಸೀಳಿದೆ. ಒಳಗಿನ ಅಂಟು ಕರಗಿ ಕಂದು ಬಣ್ಣದ ರಾಳದಂತಾಗಿತ್ತು. ಅದರೊಳಗೆ ತಾಮ್ರ ಎನ್ನುವಂಥದ್ದು ಹೆಚ್ಚು ಉಳಿದಿರಲಿಲ್ಲ. ಹಸಿರು ಕಿಲುಬಿನ ಪುಡಿ ಅಂಗೈಗೆ ಉದುರಿತು, ಎರಡು ಮೂರು ಎಳೆಗಳು ಮಾತ್ರ ಒಂದಕ್ಕೊಂದು ತಾಗಿಕೊಂಡಿದ್ದವು. ಗಂಟಿನಿಂದ ಎರಡೂ ಬದಿಗೆ ಪ್ಲಾಸ್ಟಿಕ್ಕನ್ನು ಸುಲಿಯುತ್ತ ಹೋದೆ. ಒಂದು ಗೇಣು ಸುಲಿದರೂ ಎಳೆಗಳು ಕಪ್ಪಗೇ ಇದ್ದವು. ದೀಪದ ಬತ್ತಿ ಎಣ್ಣೆಯನ್ನು ಹೀರುವ ಹಾಗೆ ವೈರಿನ ಎಳೆಗಳ ಸಂದಿನಲ್ಲಿ ಉಪ್ಪುನೀರು ಒಳಗೊಳಗೇ ಏರಿಹೋಗಿತ್ತು. ಇದಕ್ಕಾಗಿಯೇ ಉಪ್ಪುನೀರಿನ ಬೋಟುಗಳಿಗೆ ಪ್ರತಿ ಎಳೆಗೂ ತವರದ ಲೇಪವಿರುವ ವೈರನ್ನು ಬಳಸಬೇಕು ಎನ್ನುವುದು. ಬರೀ ತಾಮ್ರದ ವೈರು ಮನೆಯ ಗೋಡೆಯೊಳಗೆ ಮೂವತ್ತು ವರ್ಷ ಬಾಳಬಹುದು, ಅಳಿವೆಯ ಗಾಳಿಯಲ್ಲಿ ಅದಕ್ಕೆ ಮೂರು ಮಳೆಗಾಲವೇ ಹೆಚ್ಚು.

ಬೇಸಿಗೆಯಲ್ಲಿ ಅರೆಬರೆಯಾಗಿದ್ದ ತಕರಾರು ಮಳೆಗಾಲದ ನಂತರ ಏಕೆ ಬಲಿತಿತು ಎಂಬುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ನಾಲ್ಕು ತಿಂಗಳು ಟಾರ್ಪಾಲಿನ ಕೆಳಗೆ ಗಾಳಿಯಾಡದೆ, ತಳದಲ್ಲಿ ಸ್ವಲ್ಪ ಉಪ್ಪುನೀರು ನಿಂತು, ಆ ಗಂಟು ಹಬೆಯಲ್ಲಿ ಇದ್ದಂತೆ ಇತ್ತು.

ಟ್ಯಾಕೋಮೀಟರಿನದು ಬೇರೆಯೇ ದೋಷ

ಹೊಸ ವೈರಿಂಗ್ ಹೇಗೆ ಮಾಡಿದೆವು ಎಂಬುದನ್ನು ಆಮೇಲೆ ಹೇಳುತ್ತೇನೆ. ಗ್ರೌಂಡ್ ಸರಿಯಾದ ಕೂಡಲೇ ಪೆಟ್ರೋಲ್ ಮುಳ್ಳೂ ವೋಲ್ಟ್ ಮುಳ್ಳೂ ಕಲ್ಲಿನಂತೆ ನಿಂತವು. ಟ್ಯಾಕೋಮೀಟರಿನ ಮುಳ್ಳಿನ ನಡುಕವೂ ನಿಂತಿತು. ಆದರೆ ಅದು ತೋರಿಸುತ್ತಿದ್ದ ಅಂಕಿ ನನಗೆ ಒಪ್ಪಿಗೆಯಾಗಲಿಲ್ಲ. ಎಂಜಿನ್ ನ್ಯೂಟ್ರಲ್‌ನಲ್ಲಿ ಮೆಲ್ಲಗೆ ಗುನುಗುತ್ತಿತ್ತು, ಮೀಟರ್ 1050 ಎನ್ನುತ್ತಿತ್ತು. ಕಿವಿಗೆ ಅದು 1050ರ ಸದ್ದಲ್ಲ. ಒಂದು ದೊಡ್ಡ ದೋಷ ಸಿಕ್ಕಿದಾಗ ಎಲ್ಲ ತಕರಾರನ್ನೂ ಅದರ ತಲೆಗೇ ಕಟ್ಟಿ ಪೆಟ್ಟಿಗೆ ಮುಚ್ಚುವ ಆಸೆ ಯಾರಿಗಾದರೂ ಆಗುತ್ತದೆ. ಎಂಜಿನ್ನಿಗೆ ದಮ್ಮಿಲ್ಲ ಎಂಬ ದೂರು ಇನ್ನೂ ಹಾಗೇ ಉಳಿದಿತ್ತು, ಗ್ರೌಂಡ್ ವೈರಿಗೂ ಬೋಟಿನ ವೇಗಕ್ಕೂ ನಂಟು ಹಾಕಲು ನನಗೆ ಆಗಲಿಲ್ಲ.

ಔಟ್‌ಬೋರ್ಡಿನ ಟ್ಯಾಕೋಮೀಟರಿಗೆ ಸುತ್ತಿನ ಲೆಕ್ಕ ಸಿಗುವುದು ಎಂಜಿನ್ನಿನೊಡನೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿನ ಕೆಳಗಿರುವ, ಬ್ಯಾಟರಿ ಚಾರ್ಜ್ ಮಾಡುವ ಕಾಯಿಲುಗಳಿಂದ. ಫ್ಲೈವೀಲಿನ ಒಳಬದಿಯ ಅಯಸ್ಕಾಂತದ ಧ್ರುವಗಳು ಒಂದು ಸುತ್ತಿಗೆ ಎಷ್ಟು ಸಲ ಮಿಡಿತ ಹುಟ್ಟಿಸುತ್ತವೆ ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ: 12 ಧ್ರುವಗಳಿದ್ದರೆ ಸುತ್ತಿಗೆ 6 ಮಿಡಿತ, 8 ಇದ್ದರೆ 4. ಆದ್ದರಿಂದ ಮಾರುಕಟ್ಟೆಯಲ್ಲಿ ಬಿಡಿಯಾಗಿ ಸಿಗುವ ಟ್ಯಾಕೋಮೀಟರುಗಳ ಬೆನ್ನಿಗೆ ಧ್ರುವಗಳ ಸಂಖ್ಯೆಯನ್ನು ಆರಿಸುವ ಒಂದು ಪುಟ್ಟ ತಿರುಗುಸ್ವಿಚ್ಚು ಇರುತ್ತದೆ.

ಫ್ಲೈವೀಲಿಗೆ ಹೊಳೆಯುವ ಸ್ಟಿಕರಿನ ಒಂದು ಚೂರು ಅಂಟಿಸಿ, ಬೆಳಕಿನಿಂದ ಸುತ್ತು ಎಣಿಸುವ ಕೈಮೀಟರ್ ಹಿಡಿದು ನೋಡಿದೆ. ಇದನ್ನು ಮಾಡುವಾಗ ಬೋಟು ನೀರಿನಲ್ಲೇ ಇರಬೇಕು, ಏಕೆಂದರೆ ಔಟ್‌ಬೋರ್ಡನ್ನು ನೀರಿಲ್ಲದೆ ಓಡಿಸಿದರೆ ತಂಪು ನೀರೆತ್ತುವ ರಬ್ಬರಿನ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಪಂಚೆ, ಸಡಿಲವಾದ ತೋಳು ಯಾವುದೂ ತಿರುಗುವ ಚಕ್ರದ ಹತ್ತಿರ ಬರಬಾರದು. ಕೈಮೀಟರ್ 700 ತೋರಿಸಿತು, ಡ್ಯಾಶ್‌ಬೋರ್ಡ್ 1050. ವೇಗ ಹೆಚ್ಚಿಸಿ ನೋಡಿದೆ: ಕೈಯಲ್ಲಿ 2000, ಡ್ಯಾಶ್‌ಬೋರ್ಡಿನಲ್ಲಿ 3000. ಎರಡೂ ಸಲ ಸರಿಯಾಗಿ ಒಂದೂವರೆ ಪಟ್ಟು. ಹೆಚ್ಚುಕಡಿಮೆಯಾಗುವ ತಪ್ಪು ಕೆಟ್ಟ ಕನೆಕ್ಷನ್ನಿನದಾದರೆ, ಒಂದೇ ಪಟ್ಟಿನಲ್ಲಿ ಬರುವ ತಪ್ಪು ಲೆಕ್ಕದ್ದು. ಮೀಟರನ್ನು ಹೊರತೆಗೆದು ನೋಡಿದರೆ ಹಿಂದಿನ ಸ್ವಿಚ್ಚು 8ರಲ್ಲಿತ್ತು. ಎಂಟರ ಒಂದೂವರೆ ಪಟ್ಟು ಹನ್ನೆರಡು. ಎಂಜಿನ್ನಿನ ಸರ್ವಿಸ್ ಕೈಪಿಡಿಯೂ 12 ಧ್ರುವ ಎಂದೇ ಹೇಳಿತು. ಸಣ್ಣ ಸ್ಕ್ರೂಡ್ರೈವರಿನಿಂದ ಸ್ವಿಚ್ಚನ್ನು 12ಕ್ಕೆ ತಿರುಗಿಸಿದೆ, ಅಷ್ಟೇ.

ದಮ್ಮಿಲ್ಲ ಎಂಬ ದೂರು ಅಲ್ಲಿಗೇ ತೀರಿತು. ಮೀಟರಿನಲ್ಲಿ 5500 ಕಂಡಾಗ ಎಂಜಿನ್ ನಿಜವಾಗಿ ತಿರುಗುತ್ತಿದ್ದುದು 3700ರ ಒಳಗೆ. ಈ ಎಂಜಿನ್ನಿಗೆ 6000 ಮೀರಿಸಬಾರದು ಎಂಬುದನ್ನು ತಾಂಡೇಲರು ಪಾಲಿಸುತ್ತ, ಎಂಜಿನ್ನಿಗೆ ತೊಂದರೆಯಾಗದಿರಲಿ ಎಂದು ಥ್ರಾಟಲನ್ನು ಅರ್ಧದಲ್ಲೇ ಹಿಡಿದಿಟ್ಟು ತಿಂಗಳುಗಟ್ಟಲೆ ಓಡಿಸಿದ್ದರು. ಮಾಲೀಕರು ಪ್ರೊಪೆಲ್ಲರ್ ಬದಲಾಯಿಸಲು ಆಗಲೇ ಬೆಲೆ ವಿಚಾರಿಸಿದ್ದರಂತೆ.

ಇನ್ನು, ಹಳೆಯ ಟ್ಯಾಕೋಮೀಟರ್ ಸತ್ತದ್ದು ಹೇಗೆ ಎಂಬ ಪ್ರಶ್ನೆ. ಎಂಜಿನ್ ಯಮಹಾದ್ದು, ನಾಲ್ಕು ಸ್ಟ್ರೋಕಿನದು. ಯಮಹಾ ವೈರಿಂಗಿನಲ್ಲಿ ಕೀ ತಿರುಗಿಸಿದಾಗ ಬರುವ 12 ವೋಲ್ಟಿಗೆ ಹಳದಿ, ಗ್ರೌಂಡಿಗೆ ಕಪ್ಪು, ಟ್ಯಾಕೋಮೀಟರಿನ ಮಿಡಿತಕ್ಕೆ ಹಸಿರು. ಮರ್ಕ್ಯುರಿ ಎಂಜಿನ್ನುಗಳಲ್ಲಿ ಇದೇ ಕೆಲಸಕ್ಕೆ ನೇರಳೆ ಮತ್ತು ಬೂದು ಬಣ್ಣ. ನಮ್ಮ ಮನೆಗಳ ವೈರಿಂಗಿನಲ್ಲಾದರೋ ಹಸಿರೆಂದರೆ ಅರ್ತ್, ಅದು ಎಲ್ಲರ ಕೈಗೂ ಅಭ್ಯಾಸವಾಗಿಹೋಗಿದೆ. ಬೇಸಿಗೆಯಲ್ಲಿ ಮೊದಲು ಬಂದ ಮೆಕ್ಯಾನಿಕರು ಎಂಜಿನ್ನಿನಿಂದ ಬಂದ ಹಸಿರು ವೈರನ್ನು ಅರ್ತ್ ಎಂದು ತಿಳಿದು ಡ್ಯಾಶ್‌ಬೋರ್ಡಿನ ಗ್ರೌಂಡ್ ಸ್ಕ್ರೂಗೇ ಬಿಗಿದಿದ್ದರು ಎಂಬುದು ತಾಂಡೇಲರ ಫೋನಿನಲ್ಲಿದ್ದ ಒಂದು ಹಳೆಯ ಫೋಟೋದಿಂದ ಗೊತ್ತಾಯಿತು. ಮಿಡಿತವೆಲ್ಲ ಗ್ರೌಂಡಿಗೆ ಹೋದ ಮೇಲೆ ಮೀಟರ್ ಸೊನ್ನೆ ತೋರಿಸದೆ ಬೇರೇನು ಮಾಡೀತು? ಅದನ್ನು ಕೆಟ್ಟಿದೆ ಎಂದು ತೆಗೆದು ಹೊಸದು ಹಾಕುವಾಗ ಎರಡನೆಯವರು ಹಸಿರನ್ನು ಸರಿಯಾದ ಜಾಗಕ್ಕೆ ಕೊಟ್ಟರು, ಆದರೆ ಬೆನ್ನಿನ ಸ್ವಿಚ್ಚನ್ನು ನೋಡಲಿಲ್ಲ. ಹಸಿರು ವೈರು ಹಾಗೆ ಗ್ರೌಂಡಿಗೆ ತಾಗಿಕೊಂಡಿದ್ದರೆ ಚಾರ್ಜಿಂಗ್ ಭಾಗಕ್ಕೂ ಹಾನಿಯಾಗುವ ಸಾಧ್ಯತೆಯಿತ್ತು. 14.1 ವೋಲ್ಟ್ ಸರಿಯಾಗಿ ಬರುತ್ತಿದ್ದುದನ್ನು ಮೊದಲೇ ನೋಡಿದ್ದರಿಂದ ಆ ಚಿಂತೆ ಉಳಿಯಲಿಲ್ಲ. ಬೋಟಿನಲ್ಲಿ ಬಣ್ಣವನ್ನು ನಂಬಿ ವೈರು ಜೋಡಿಸುವುದು ನನಗೆ ಯಾವತ್ತೂ ಸರಿಕಾಣುವುದಿಲ್ಲ. ಮೊದಲು ಅದರ ಇನ್ನೊಂದು ತುದಿ ಎಲ್ಲಿದೆ ಎಂದು ಕಾಣಬೇಕು.

ದುರಸ್ತಿ ಮತ್ತು ಆಮೇಲಿನ ಅಳತೆ

ಹಳೆಯ ಗ್ರೌಂಡ್ ವೈರನ್ನು ಪೂರ್ತಿ ಕಿತ್ತೆವು. ಗಂಟನ್ನು ಕತ್ತರಿಸಿ ಹೊಸದಾಗಿ ಜೋಡಿಸಿದರೆ ಆಗದೇ ಎಂದು ಮಾಲೀಕರು ಕೇಳಿದರು. ಗೇಣುದ್ದ ಕಪ್ಪಾದ ಎಳೆಗಳನ್ನು ಅವರ ಕೈಗೇ ಕೊಟ್ಟ ಮೇಲೆ ಅವರೇ ಬೇಡವೆಂದರು. ಅದರ ಬದಲು ತವರದ ಲೇಪವಿರುವ 6 ಚದರ ಮಿಲಿಮೀಟರಿನ ವೈರನ್ನು ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನವರೆಗೆ ನಡುವೆ ಒಂದೂ ಜೋಡಣೆಯಿಲ್ಲದೆ, ತಳದ ನೀರಿಗೆ ಸಿಗದಂತೆ ಬೋಟಿನ ಪಕ್ಕದ ಅಂಚಿನ ಕೆಳಗಿಂದ ಎಳೆದೆವು. ಎರಡೂ ತುದಿಗೆ ಲಗ್ (ಸ್ಕ್ರೂಗೆ ಸಿಕ್ಕಿಸುವ ಲೋಹದ ಬಳೆ) ಹಾಕಿ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಒತ್ತಿ ಬಿಗಿದು, ಬಿಸಿ ಮಾಡಿದರೆ ಒಳಗಿನ ಅಂಟು ಕರಗಿ ಬಾಯಿ ಮುಚ್ಚುವ ಜಾತಿಯ ಟ್ಯೂಬನ್ನು ಮೇಲೆ ಕೂರಿಸಿದೆ. ಬೆಸುಗೆ ಏಕೆ ಹಾಕಲಿಲ್ಲ ಎಂದು ಕೇಳುವವರಿದ್ದಾರೆ. ಬೆಸುಗೆ ನಿಂತಲ್ಲಿಗೆ ಎಳೆಗಳು ಗಟ್ಟಿಯಾಗುತ್ತವೆ, ಅಲೆಯ ಅದುರಿಗೆ ವೈರು ಅದರ ಅಂಚಿನಲ್ಲೇ ತುಂಡಾಗುತ್ತದೆ.

ಒಂದೇ ಸ್ಕ್ರೂನ ಬದಲು ಸಾಲಾಗಿ ಎಂಟು ಸ್ಕ್ರೂಗಳಿರುವ ಒಂದು ಬಸ್‌ಬಾರನ್ನು ಕೂರಿಸಿ ದೀಪ, ಹಾರ್ನುಗಳ ಕಪ್ಪು ವೈರುಗಳಿಗೆ ಒಂದೊಂದು ಸ್ಕ್ರೂ ಕೊಟ್ಟೆ. ಪಂಪನ್ನು ಅಲ್ಲಿಂದ ಬಿಡಿಸಿ ಫ್ಯೂಸಿನೊಂದಿಗೆ ನೇರವಾಗಿ ಬ್ಯಾಟರಿಗೇ ಹೋಗುವಂತೆ ಮಾಡಿದೆ, ಕೀ ಆರಿಸಿ ಮನೆಗೆ ಹೋದಾಗಲೂ ಅದು ನೀರೆತ್ತುತ್ತಿರಬೇಕು. ಮೂರು ಮೀಟರುಗಳ ಗ್ರೌಂಡನ್ನು ಮಾತ್ರ ಬಸ್‌ಬಾರಿಗೆ ಸೇರಿಸದೆ, ಎಂಜಿನ್ನಿನಿಂದ ಬರುವ ವೈರಿನ ಕಟ್ಟಿನಲ್ಲಿ ಟೇಪು ಸುತ್ತಿ ಬಿಟ್ಟಿದ್ದ ಮೂಲ ಕಪ್ಪು ವೈರಿಗೇ ಮರಳಿಸಿದೆ. ಮುಂದೆ ಎಂದಾದರೂ ದೀಪಗಳ ಗ್ರೌಂಡ್ ಕೆಟ್ಟರೆ ದೀಪ ಮಂಕಾಗಲಿ, ಪೆಟ್ರೋಲ್ ಮೀಟರ್ ಸುಳ್ಳು ಹೇಳುವುದು ಬೇಡ.

ಬೋಟಿನ ಮುಖ್ಯ ಸಾಲುಗಳಲ್ಲಿ ವೋಲ್ಟೇಜಿನ ನಷ್ಟ ಶೇಕಡಾ 3ನ್ನು ಮೀರಬಾರದು ಎಂಬುದು ಬೋಟು ವೈರಿಂಗಿನಲ್ಲಿ ಒಪ್ಪಿಕೊಂಡ ಅಳತೆ. 12 ವೋಲ್ಟಿನಲ್ಲಿ ಅದು 0.36. ಪಂಪು, ದೀಪ, ಹಾರ್ನು ಮೂರನ್ನೂ ಒಟ್ಟಿಗೆ ಹಾಕಿ ಡ್ಯಾಶ್‌ಬೋರ್ಡಿನ ಗ್ರೌಂಡನ್ನು ಮತ್ತೆ ಅಳೆದಾಗ 0.09 ವೋಲ್ಟ್ ಬಂತು. ಮುಳ್ಳುಗಳು ಅಲುಗಲಿಲ್ಲ. ತಾಂಡೇಲರು ದೀಪದ ಸ್ವಿಚ್ಚನ್ನು ನಾಲ್ಕೈದು ಸಲ ಹಾಕಿ ಆರಿಸಿ ಸ್ವತಃ ನೋಡಿಕೊಂಡರು.

ಅಷ್ಟಕ್ಕೇ ಬಿಡಲು ಮನಸ್ಸು ಬರಲಿಲ್ಲ. ಟ್ಯಾಂಕನ್ನು ಬರಿದು ಮಾಡಿ, ಹತ್ತು ಹತ್ತು ಲೀಟರಿನಂತೆ ಅಳೆದು ಹಾಕುತ್ತ, ಪ್ರತಿ ಸಲ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟೆವು; ಜೊತೆಗೆ ಒಂದು ಒಣ ಬಿದಿರುಕಡ್ಡಿಯನ್ನು ಟ್ಯಾಂಕಿಗೆ ಇಳಿಸಿ ಒದ್ದೆಯಾದಲ್ಲಿಗೆ ಚಾಕುವಿನಿಂದ ಗೀರು ಹಾಕಿದೆವು. ಬೋಟಿನ ತಳದ ಆಕಾರಕ್ಕೆ ತಕ್ಕಂತೆ ಟ್ಯಾಂಕೂ ಕೆಳಗೆ ಕಿರಿದಾಗಿರುವುದರಿಂದ ಸೆಂಡರ್ ಸರಿಯಿದ್ದರೂ ಮುಳ್ಳು ಅರ್ಧ ತೋರಿಸಿದಾಗ ಒಳಗಿದ್ದುದು 30 ಲೀಟರಲ್ಲ, 25ರಷ್ಟು. ಕಾಲು ಎಂದಾಗ ಹತ್ತೇ ಲೀಟರು. ಮೊದಲ ದಿನ 15 ಲೀಟರ್ ಹಾಕಿದಾಗ ಮುಳ್ಳು ಕಾಲಿನಿಂದ ಸ್ವಲ್ಪ ಮೇಲಿದ್ದಿರಬೇಕು, ಅಂದಿನ ಗಡಿಬಿಡಿಯಲ್ಲಿ ನಾನದನ್ನು ಕಾಲು ಎಂದೇ ಬರೆದುಕೊಂಡಿದ್ದೆ. ಈ ಲೆಕ್ಕವನ್ನು ತಾಂಡೇಲರು ದಪ್ಪ ಅಕ್ಷರದಲ್ಲಿ ಬರೆದು ಡ್ಯಾಶ್‌ಬೋರ್ಡಿನ ಮುಚ್ಚಳದ ಒಳಬದಿಗೆ ಅಂಟಿಸಿದ್ದಾರೆ. ಬಿದಿರುಕಡ್ಡಿ ಸೀಟಿನ ಕೆಳಗಿದೆ, ಬೆಳಗಿನ ಮೊದಲ ಸುತ್ತಿಗೆ ಮುನ್ನ ಒಮ್ಮೆ ಇಳಿಸಿ ನೋಡುತ್ತಾರೆ.

ಮಾಲೀಕರ ಮನೆಯ ಅಟ್ಟದಲ್ಲಿ ಒಂದು ಚೀಲದಲ್ಲಿ ಹಳೆಯ ಪೆಟ್ರೋಲ್ ಮೀಟರ್, ಹಳೆಯ ಸೆಂಡರ್ ಮತ್ತು ಹಳೆಯ ಟ್ಯಾಕೋಮೀಟರ್ ಇದ್ದವು. ಅವನ್ನು ತಂದು ನನ್ನ ಅಂಗಡಿಯ ಮೇಜಿನ ಮೇಲೆ ಬ್ಯಾಟರಿಗೆ ಜೋಡಿಸಿ, ಸೆಂಡರಿನ ಬದಲು ತಿರುಗಿಸಿ ರೋಧ ಬದಲಾಯಿಸುವ ಗುಂಡಿಯೊಂದನ್ನು ಹಾಕಿ ನೋಡಿದೆ. 240 ಓಮಿಗೆ ಮೀಟರ್ ಖಾಲಿ ತೋರಿಸಿತು, 103ಕ್ಕೆ ಅರ್ಧ, 33ಕ್ಕೆ ತುಂಬಿದ ಗೆರೆ. ಸೆಂಡರಿನ ತೇಲುಬೆಂಡನ್ನು ಕೈಯಿಂದ ಎತ್ತಿ ಇಳಿಸಿದಾಗ ಎಲ್ಲಿಯೂ ತಡೆಯದೆ ಅಂಕಿ ಏರಿಳಿಯಿತು. ಟ್ಯಾಕೋಮೀಟರನ್ನು ಬೋಟಿಗೇ ಒಯ್ದು ಹಸಿರು ವೈರು ಕೊಟ್ಟೆವು, ಕೈಮೀಟರಿನ ಅಂಕಿಗೆ ಸರಿಯಾಗಿ ನಿಂತಿತು. ಮೂರೂ ಚೆನ್ನಾಗಿದ್ದವು. ಅವರ ಎರಡನೆಯ ಬೋಟಿಗೆ ಆವರೆಗೆ ಪೆಟ್ರೋಲ್ ಮೀಟರೇ ಇರಲಿಲ್ಲ. ಮುಂದಿನ ವಾರ ಅದೇ ಹಳೆಯ ಮೀಟರನ್ನು, ಅದೇ ಹಳೆಯ ಸೆಂಡರನ್ನು, ತವರ ಲೇಪದ ಹೊಸ ವೈರಿನೊಂದಿಗೆ ಅದಕ್ಕೆ ಕೂರಿಸಿದೆ.